ಚಲನೆ ಮತ್ತು ಚಾಲನೆ: ಇಂಗ್ಲಿಷಿನಲ್ಲಿ ಒಂದು ಗ್ರೀಕ್ ಧಾತುವಿನ ಎರಡು ಕವಲು

ಸಿನಿಮಾ, ಕೈನೆಟಿಕ್, ಟೆಲಿಕಿನೆಸಿಸ್, ಸೈಟೊಕೈನ್. ಇಂಗ್ಲಿಷಿನ ಈ ಪದಗಳೆಲ್ಲ ಗ್ರೀಕಿನ ‘ಕೀನೇನ್’ ಎಂಬ ಕ್ರಿಯಾಪದದ ಸಂತಾನ. ಸಾಮಾನ್ಯವಾಗಿ ಈ ಧಾತುವಿಗೆ ‘ಚಲನೆ’ ಎಂದು ಅರ್ಥ ಹೇಳುವುದು ವಾಡಿಕೆ. ಆ ಅರ್ಥ ಹಿಡಿದು ಹೊರಟರೆ ಸಿನಿಮಾ ತಿಳಿಯುತ್ತದೆ, ಸೈಟೊಕೈನ್ ತಿಳಿಯುವುದಿಲ್ಲ. ಈ ಪದಗಳು ಹುಟ್ಟಿದ ಸಂದರ್ಭಗಳನ್ನು ಪರಿಶೀಲಿಸಿದರೆ ಅವು ಎರಡು ಕವಲುಗಳಾಗಿ ಬೆಳೆದಿರುವುದು ಕಾಣುತ್ತದೆ. ಅದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೂಲಾರ್ಥ

‘ಕೀನೇನ್’ ಸಕರ್ಮಕ ಕ್ರಿಯಾಪದ. ಅದರ ಅರ್ಥ ಚಲಿಸುವುದಲ್ಲ, ಚಲಿಸುವಂತೆ ಮಾಡುವುದು. ತಾನೇ ಚಲಿಸುವುದನ್ನು ಹೇಳಲು ಗ್ರೀಕರು ಅದರ ಕರ್ಮಣಿ ರೂಪವಾದ ‘ಕೀನೇಸ್ಥಾಯ್’ ಬಳಸುತ್ತಿದ್ದರು. ‘ಕೀನೇಸಿಸ್’ ಎಂಬ ನಾಮಪದದ ವ್ಯಾಪ್ತಿಯೂ ದೊಡ್ಡದು. ಅರಿಸ್ಟಾಟಲ್ ತನ್ನ ‘ಭೌತಶಾಸ್ತ್ರ’ ಗ್ರಂಥದಲ್ಲಿ ಸ್ಥಳ, ಗುಣ, ಪರಿಮಾಣ ಈ ಮೂರರ ಬದಲಾವಣೆಯನ್ನೂ ಕೀನೇಸಿಸ್ ಎಂದೇ ಕರೆದ. ಅವನ ಲೆಕ್ಕದಲ್ಲಿ ಕಾಯಿ ಹಣ್ಣಾಗುವುದೂ ಮಗು ಬೆಳೆಯುವುದೂ ಕೀನೇಸಿಸ್. ಚಲಿಸುವ ಪ್ರತಿಯೊಂದಕ್ಕೂ ಚಾಲಕವೊಂದು ಇರಬೇಕೆಂದು ವಾದಿಸಿದ ಅವನು, ತಾನು ಅಚಲವಾಗಿದ್ದು ಉಳಿದುದನ್ನು ಚಲಿಸುವಂತೆ ಮಾಡುವ ಆದಿ ಚಾಲಕ ತತ್ತ್ವಕ್ಕೆ ಬಂದು ನಿಂತ. ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬಂದ ‘ಎಕ್ಸೈಟ್’ ಪದವನ್ನೂ ಭಾಷಾವಿಜ್ಞಾನಿಗಳು ಇದೇ ಇಂಡೋ-ಯುರೋಪಿಯನ್ ಧಾತುವಿಗೆ ಸೇರಿಸುತ್ತಾರೆ. ಅದರಲ್ಲೂ ಇರುವುದು ಕೆರಳಿಸುವ, ಎಬ್ಬಿಸುವ ಅರ್ಥವೇ.

ಮೊದಲ ಕವಲು: ಚಲಿಸುವುದು

ಇಂಗ್ಲಿಷಿನಲ್ಲಿ ಈ ಪದಗಳು ಬಹುತೇಕ 19ನೇ ಶತಮಾನದಿಂದೀಚೆಗೆ ವಿಜ್ಞಾನಿಗಳು ಬೇಕೆಂದೇ ಕಟ್ಟಿಕೊಂಡವು. 1834ರಲ್ಲಿ ಫ್ರಾನ್ಸಿನ ಆಂಪಿಯರ್, ಬಲದ ಗೊಡವೆಗೆ ಹೋಗದೆ ಚಲನೆಯನ್ನಷ್ಟೇ ಅಭ್ಯಸಿಸುವ ಶಾಸ್ತ್ರಕ್ಕೆ ‘ಸಿನೆಮಾಟಿಕ್’ ಎಂದು ಹೆಸರಿಟ್ಟ. ಇಂಗ್ಲಿಷಿನಲ್ಲಿ ಅದು ‘ಕೈನೆಮ್ಯಾಟಿಕ್ಸ್’ ಆಯಿತು. ಚಲಿಸುವ ವಸ್ತುವಿನ ಶಕ್ತಿಯನ್ನು ಹಿಂದೆ ‘ಜೀವಂತ ಬಲ’ ಎನ್ನುತ್ತಿದ್ದರು. ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಅದಕ್ಕೆ ‘ವಾಸ್ತವ ಶಕ್ತಿ’ ಎಂಬ ಹೆಸರು ಸೂಚಿಸಿದ್ದ. ವಿಲಿಯಂ ಥಾಮ್ಸನ್ ಮತ್ತು ಪೀಟರ್ ಟೇಟ್ 1862ರ ಲೇಖನವೊಂದರಲ್ಲಿ ಬಳಸಿದ ‘ಕೈನೆಟಿಕ್ ಎನರ್ಜಿ’ ಇವೆಲ್ಲವನ್ನೂ ಹಿಂದೆ ಹಾಕಿ ನೆಲೆನಿಂತಿತು. ಹೀಗೆ ಭೌತವಿಜ್ಞಾನ ಅರಿಸ್ಟಾಟಲನ ಮೂರು ಬಗೆಗಳಲ್ಲಿ ಸ್ಥಳಾಂತರವೊಂದನ್ನೇ ಉಳಿಸಿಕೊಂಡಿತು.

ಮನರಂಜನೆಯ ಯಂತ್ರಗಳಿಗೂ ಇದೇ ಧಾತು ಒದಗಿತು. 1888ರಲ್ಲಿ ಎಡಿಸನ್ ಯೋಜಿಸಿದ, ಅವನ ಸಹಾಯಕ ಡಿಕ್ಸನ್ ರೂಪಕೊಟ್ಟ ‘ಕೈನೆಟೊಸ್ಕೋಪ್’, ಒಬ್ಬರು ಮಾತ್ರ ಇಣುಕಿ ನೋಡಬಹುದಾದ ಪೆಟ್ಟಿಗೆ. ಲೂಮಿಯೇರ್ ಸಹೋದರರ ‘ಸಿನೆಮಾಟೊಗ್ರಾಫ್’ 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಟಿಕೆಟ್ ಕೊಂಡು ಬಂದ ಜನರ ಮುಂದೆ ತೆರೆಯ ಮೇಲೆ ಚಿತ್ರ ಮೂಡಿಸಿತು. ಆ ಹೆಸರನ್ನು ಅದಕ್ಕೂ ಮೊದಲೇ ಲಿಯೋನ್ ಬೂಲಿ ತನ್ನ ಯಂತ್ರಕ್ಕೆ ಇಟ್ಟಿದ್ದ. ಫ್ರೆಂಚಿನಲ್ಲಿ ಸಕಾರವಾಗಿದ್ದ ಗ್ರೀಕ್ ಕಕಾರವನ್ನು ಉಳಿಸಬೇಕೆಂಬ ಪಕ್ಷ ಇಂಗ್ಲೆಂಡಿನಲ್ಲಿ ಕೆಲಕಾಲ ಬಲವಾಗಿತ್ತು. ಲಿಂಕನ್‌ಶೈರಿನಲ್ಲಿ 1922ರಲ್ಲಿ ತೆರೆದ ಚಿತ್ರಮಂದಿರವೊಂದು ಈಗಲೂ ‘ಕಿನೆಮಾ’ ಎಂದೇ ಕರೆಸಿಕೊಳ್ಳುತ್ತದೆ. ಚಿತ್ರಮಂದಿರಕ್ಕೆ ಜರ್ಮನರು ಬಳಸುವ ‘ಕೀನೊ’ ಕಕಾರವನ್ನು ಬಿಡಲಿಲ್ಲ. ಇಂಗ್ಲಿಷಿನಲ್ಲಿ ಗೆದ್ದದ್ದು ಫ್ರೆಂಚ್ ಸಕಾರ. ಭಾರತದಲ್ಲಿ 1918ರ ಸಿನಿಮಾಟೊಗ್ರಾಫ್ ಕಾಯ್ದೆ ಅದೇ ರೂಪವನ್ನು ಕಾನೂನಿಗೆ ತಂದಿತು. ಆ ಸಕಾರದಿಂದಲೇ ಕನ್ನಡಕ್ಕೆ ‘ಸಿನಿಮಾ’ ದೊರೆಯಿತು. ಕಕಾರದ ರೂಪ ನಮ್ಮ ರಸ್ತೆಗಳಲ್ಲಿ ಕೈನೆಟಿಕ್ ಹೋಂಡಾ ಸ್ಕೂಟರಿನ ಹೆಸರಿನಲ್ಲಿ ಓಡಾಡಿತು.

ಎರಡನೆಯ ಕವಲು: ಚಲಿಸುವಂತೆ ಮಾಡುವುದು

ಗ್ರೀಕಿನ ಸಕರ್ಮಕ ಅರ್ಥ ಮತ್ತೆ ಮೇಲೆದ್ದದ್ದು ಜೀವವಿಜ್ಞಾನದಲ್ಲಿ. 19ನೇ ಶತಮಾನದ ಕೊನೆಯಲ್ಲಿ ರಷ್ಯದ ಶರೀರವಿಜ್ಞಾನಿ ಪಾವ್ಲೋವ್ ಪ್ರಯೋಗಾಲಯದಲ್ಲಿ, ಮೇದೋಜೀರಕ ರಸದ ಜಡ ಕಿಣ್ವವನ್ನು ಸಕ್ರಿಯಗೊಳಿಸುವ ವಸ್ತುವೊಂದು ಕರುಳಿನ ರಸದಲ್ಲಿ ಪತ್ತೆಯಾಯಿತು. ಅದಕ್ಕೆ ‘ಎಂಟರೊಕೈನೇಸ್’ ಎಂದು ಹೆಸರಾಯಿತು. ಇಲ್ಲಿ ಜಾಗ ಬದಲಿಸುವುದು ಯಾವುದೂ ಇಲ್ಲ, ಒಂದು ಇನ್ನೊಂದನ್ನು ಎಬ್ಬಿಸುತ್ತದೆ ಅಷ್ಟೇ. ಮುಂದೆ ‘ಕೈನೇಸ್’ ಎಂದರೆ ಎಟಿಪಿ ಎಂಬ ಶಕ್ತಿವಾಹಕ ಅಣುವಿನಿಂದ ಫಾಸ್ಫೇಟನ್ನು ವರ್ಗಾಯಿಸುವ ಕಿಣ್ವ ಎಂದು ಅರ್ಥ ಬಿಗಿಯಾಯಿತು. ಆ ವ್ಯಾಖ್ಯೆಗೆ ಹೊಂದದ ಎಂಟರೊಕೈನೇಸ್ ಈಗ ‘ಎಂಟರೊಪೆಪ್ಟಿಡೇಸ್’ ಎನಿಸಿಕೊಂಡಿದೆ. ಕುಲಕ್ಕೆ ಹೆಸರು ಕೊಟ್ಟದ್ದೇ ಕುಲದಿಂದ ಹೊರಬಿತ್ತು. ಪ್ರೋಟೀನ್ ಕೈನೇಸುಗಳ ಕಾರ್ಯವಿಧಾನ ತೋರಿಸಿದ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ 1992ರಲ್ಲಿ ನೊಬೆಲ್ ಪಡೆದರು.

1974ರಲ್ಲಿ ಸ್ಟ್ಯಾನ್ಲಿ ಕೋಹೆನ್ ಟಂಕಿಸಿದ ‘ಸೈಟೊಕೈನ್’ ಕೂಡ ಇದೇ ಕವಲಿನದು. ಅದು ಜೀವಕೋಶಗಳನ್ನು ಕಾರ್ಯಪ್ರವೃತ್ತವಾಗಿಸುವ ಸಂಕೇತದ್ರವ್ಯ. ಅದು ಹದ ಮೀರಿ ಉಕ್ಕುವ ‘ಸೈಟೊಕೈನ್ ಬಿರುಗಾಳಿ’ಯ ಹೆಸರನ್ನು ಕೋವಿಡ್ ಕಾಲದಲ್ಲಿ ಜನಸಾಮಾನ್ಯರೂ ಕೇಳಿದರು. ಮನಸ್ಸಿನಿಂದಲೇ ವಸ್ತುವನ್ನು ಸರಿಸುವುದೆಂಬ ಕಲ್ಪನೆಯ ‘ಟೆಲಿಕಿನೆಸಿಸ್’ ಕೂಡ ಅರ್ಥದಲ್ಲಿ ಸಕರ್ಮಕವೇ. ಜೀವಕೋಶದೊಳಗಿನ ಸೂಕ್ಷ್ಮನಾಳಗಳ ಮೇಲೆ ಸರಕು ಹೊತ್ತು ನಡೆಯುವ, 1985ರಲ್ಲಿ ಪತ್ತೆಯಾದ ‘ಕೈನೆಸಿನ್’ ಪ್ರೋಟೀನು ಮಾತ್ರ ಎರಡು ಕವಲಿಗೂ ಸಲ್ಲುತ್ತದೆ. ತಾನೂ ಚಲಿಸುತ್ತದೆ, ಇನ್ನೊಂದನ್ನೂ ಸಾಗಿಸುತ್ತದೆ.

ಉಪಸಂಹಾರ

ಒಟ್ಟಿನಲ್ಲಿ ಈ ಪದಗಳ ಅಕ್ಷರಭೇದ ಅವು ಬಂದ ದಾರಿಯನ್ನು ತಿಳಿಸಿದರೆ, ಅರ್ಥಭೇದ ಗ್ರೀಕ್ ಕ್ರಿಯಾಪದದ ಒಳಗೇ ಇದ್ದ ಪ್ರಯೋಗಭೇದವನ್ನು ತಿಳಿಸುತ್ತದೆ. ಈ ಎರಡು ಅರ್ಥಗಳನ್ನೂ ಒಂದೇ ‘ಚಲನೆ’ಯಿಂದ ವಿವರಿಸಲಾಗದು. ಕನ್ನಡದಲ್ಲಿ ಅದಕ್ಕೆ ಬೇಕಾದ ಜೋಡಿ ಸಿದ್ಧವಾಗಿಯೇ ಇದೆ: ಚಲನೆ ಮತ್ತು ಚಾಲನೆ. ಚಲನಶಕ್ತಿ, ಚಲನಚಿತ್ರ ಮೊದಲ ಕವಲಿಗೆ ಸರಿಹೊಂದುತ್ತವೆ. ಕೈನೇಸ್, ಸೈಟೊಕೈನ್‌ಗಳಂಥ ಪದಗಳಿಗೆ ಕನ್ನಡ ಪಾರಿಭಾಷಿಕಗಳನ್ನು ರಚಿಸುವವರು ‘ಚಾಲನೆ’ಯಿಂದ ಆರಂಭಿಸುವುದು ಒಳಿತು.