ವಿಮೆಗೆ ಹಾಸಿಗೆಯೇ ಬೇಕು
ಮೈಗೆ ಹುಷಾರಿಲ್ಲ ಅಂದ್ರೆ ವಿಮೆ ಇದೆ. ಮನಸ್ಸಿಗೆ ಹುಷಾರಿಲ್ಲದಿದ್ರೆ? ವೀಕ್ಷಕರೇ, 1912ರಲ್ಲಿ ಬ್ರಿಟಿಷರು ತಂದ ಕಾನೂನಿನ ಹೆಸರೇ ಹುಚ್ಚರ ಕಾಯ್ದೆ! 1987ರಲ್ಲಿ ಹೆಸರು ಬದಲಾಯ್ತು, ವಿಮೆಯ ಮಾತು ಬರಲಿಲ್ಲ. ಬಂದಿದ್ದು 2017ರ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ: ದೇಹದ ಕಾಯಿಲೆಗೆ ಹೇಗೋ, ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು. 2018ರ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. 2022ರ ಅಕ್ಟೋಬರ್‌ನಲ್ಲಿ ಮತ್ತೆ ಕಳಿಸಬೇಕಾಯ್ತು. ಮೊದಲನೆಯದನ್ನ ಎಷ್ಟು ಜನ ಓದಿದ್ರೋ!

ಇಷ್ಟಾದ್ಮೇಲೂ ಒಂದು ಕೊಕ್ಕೆ ಉಳಿದಿದೆ. ನಮ್ಮ ಬಹುತೇಕ ಪಾಲಿಸಿಗಳು ನಿಂತಿರೋದೇ ಆಸ್ಪತ್ರೆ ಹಾಸಿಗೆ ಮೇಲೆ. 24 ಗಂಟೆ ದಾಖಲಾದ್ರೆ ಕ್ಲೇಮ್. ಆಪ್ತಸಮಾಲೋಚನೆಗೆ ಹಾಸಿಗೆ ಯಾಕೆ? ಎರಡು ಕುರ್ಚಿ, ವಾರಕ್ಕೊಂದು ಗಂಟೆ ಸಾಕು. ಆದ್ರೆ ಆ ಬಿಲ್ ನಮ್ಮ ಜೇಬಿಂದಲೇ.

ವಿಚಿತ್ರ ನೋಡಿ, ಮನೆ ಹತ್ತಿರವೇ ಮನಸ್ಸಿಗೆ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. 2022ರಲ್ಲಿ ಟೆಲಿ ಮಾನಸ್ ಬಂತು. 14416ಕ್ಕೆ ಕರೆ ಉಚಿತ.

ಮುಂದಿನ ಸಲ ಏಜೆಂಟ್ ಬಂದಾಗ ಒಂದೇ ಮಾತು ಕೇಳಿ: ದಾಖಲಾಗದೆ ಸಮಾಲೋಚಕರನ್ನ ಕಂಡರೆ ಹಣ ಕೊಡ್ತೀರಾ? ಉತ್ತರವನ್ನ ಪಾಲಿಸಿ ಪತ್ರದಲ್ಲೇ ತೋರಿಸೋಕೆ ಹೇಳಿ.