ಲಾರೆನ್ಸ್‌ವಿಲ್‌ನಿಂದ ಕರಾವಳಿಗೆ: ನಾಲ್ಕು ದಿನದ ಊಟದ ಪ್ರವಾಸ, ಲೆಕ್ಕ ಸಮೇತ

ಲಾರೆನ್ಸ್‌ವಿಲ್ (ಜಾರ್ಜಿಯಾ): ಗಲ್ಫ್‌ನಿಂದ ಅಟ್ಲಾಂಟಾ ಕಡೆಯ ಮಕ್ಕಳ ಮನೆಗೋ ಅಣ್ಣ-ತಮ್ಮಂದಿರ ಮನೆಗೋ ಬಂದವರು ಒಂದು ವಾರದಲ್ಲಿ ಊರು ನೋಡಿ ಮುಗಿಸಿ "ಮುಂದೆ ಎಲ್ಲಿಗೆ?" ಅಂತಾರೆ. ಮೀನು-ಅನ್ನ ತಿಂದು ಬೆಳೆದ ನಮ್ಮವರಿಗೆ ಸವಾನಾದಿಂದ ಜಾರ್ಜ್‌ಟೌನ್‌ವರೆಗಿನ ಯುಎಸ್-17 ಹೆದ್ದಾರಿ ಹೇಳಿ ಮಾಡಿಸಿದ ದಾರಿ. ಆದರೆ ಹೊರಡುವ ಮೊದಲು ಎರಡು ವಿಷಯ ಗೊತ್ತಿರಲಿ: ಪಾತ್ರೆಗೆ ಏನೇನು ಬೀಳುತ್ತದೆ, ಬಿಲ್ಲಿಗೆ ಏನೇನು ಸೇರುತ್ತದೆ.

ದಾರಿ ಹೀಗೆ

ದಿನ 1: ಐ-75, ಐ-16 ಮೂಲಕ ಸವಾನಾ, ಸುಮಾರು 430 ಕಿ.ಮೀ. ಸಂಜೆ ಟೈಬೀ ದ್ವೀಪದ ಕಡಲತೀರ.
ದಿನ 2: ಚಾರ್ಲ್‌ಸ್ಟನ್, ಸುಮಾರು 170 ಕಿ.ಮೀ. ನಡುವೆ ಬ್ಯೂಫರ್ಟ್ ಕಡೆ ತಿರುಗಿ ಸೇಂಟ್ ಹೆಲೆನಾ ದ್ವೀಪ.
ದಿನ 3: ಸಿಗಡಿ ದೋಣಿಗಳ ಹಳ್ಳಿ ಮೆಕ್‌ಲೆಲನ್‌ವಿಲ್, ಜಾರ್ಜ್‌ಟೌನ್‌ನ ರೈಸ್ ಮ್ಯೂಸಿಯಂ, ರಾತ್ರಿಗೆ ಮತ್ತೆ ಚಾರ್ಲ್‌ಸ್ಟನ್.
ದಿನ 4: ಐ-26, ಐ-20 ಹಿಡಿದು ವಾಪಸ್.

ಈ ಅನ್ನ ಯಾರ ಬೆವರು?

ಇಲ್ಲಿ ಭತ್ತ ಬೆಳೆದದ್ದು ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ತಂದ ಜನ. ಅವರ ಸಂತತಿಯೇ ಗಲ್ಲಾ ಗೀಚಿ ಸಮುದಾಯ. ಅವರ ಕರಾವಳಿಯನ್ನು 2006ರಲ್ಲಿ ಅಮೆರಿಕದ ಸಂಸತ್ತು ಪಾರಂಪರಿಕ ವಲಯವೆಂದು ಘೋಷಿಸಿತು. ಬಿಡುಗಡೆಯಾದವರಿಗಾಗಿ 1862ರಲ್ಲಿ ಶುರುವಾದ ಪೆನ್ ಶಾಲೆ ಸೇಂಟ್ ಹೆಲೆನಾದಲ್ಲಿದೆ. ಮೌಂಟ್ ಪ್ಲೆಸೆಂಟ್‌ನ ಹೆದ್ದಾರಿ ಬದಿಯಲ್ಲಿ ಮಾರುವ ಹುಲ್ಲಿನ ಬುಟ್ಟಿಗಳೂ ಇವರದೇ ಕೈಕೆಲಸ. ಹಿಂದೆ ಇಂಥ ಬುಟ್ಟಿಯೇ ಭತ್ತ ಕೇರುವ ಮೊರ.

ತಿನ್ನುವ ಮುನ್ನ ಕೇಳಿ

* ಶ್ರಿಂಪ್ ಆಂಡ್ ಗ್ರಿಟ್ಸ್: ಮೆಕ್ಕೆಜೋಳದ ರವೆಯ ಗಂಜಿ, ಮೇಲೆ ಸಿಗಡಿ. ಬಹಳ ಕಡೆ ಬೇಕನ್ ಸೇರಿಸುತ್ತಾರೆ.
* ಫ್ರಾಗ್‌ಮೋರ್ ಸ್ಟ್ಯೂ: ಸಿಗಡಿ, ಜೋಳದ ತೆನೆ, ಆಲೂಗಡ್ಡೆ ಒಟ್ಟಿಗೆ ಬೇಯಿಸಿದ್ದು. ಸಾಸೇಜ್ ಇದ್ದೇ ಇರುತ್ತದೆ.
* ರೆಡ್ ರೈಸ್: ಟೊಮೆಟೊ ಅನ್ನ. ಇದರಲ್ಲೂ ಹಂದಿಮಾಂಸ ಸಾಮಾನ್ಯ.
* ಕಾಲರ್ಡ್ ಸೊಪ್ಪು: ನೋಡಲು ಸಸ್ಯಾಹಾರ, ಆದರೆ ಹ್ಯಾಮ್ ಮೂಳೆ ಹಾಕಿ ಬೇಯಿಸುವುದೇ ರೂಢಿ.
* ಬೇಯಿಸಿದ ನೆಲಗಡಲೆ: ನಮ್ಮೂರಿನದ್ದೇ ರುಚಿ. ಬರೀ ಉಪ್ಪು ಹಾಕಿದ್ದು ಕೇಳಿ ತೆಗೆದುಕೊಳ್ಳಿ.

ಹಲಾಲ್ ಪಾಲಿಸುವವರೂ ಸಸ್ಯಾಹಾರಿಗಳೂ ಆರ್ಡರ್ ಕೊಡುವಾಗಲೇ "ಪೋರ್ಕ್, ಬೇಕನ್, ಹ್ಯಾಮ್ ಬೇಡ" ಎಂದು ಹೆಸರು ಹಿಡಿದು ಹೇಳಬೇಕು. ಕರಿಯುವ ಎಣ್ಣೆ ಬೇರೆಯೇ ಎಂದೂ ವಿಚಾರಿಸಿ.

ಖರ್ಚಿನ ಲೆಕ್ಕ

ಮೆನುವಿನ ಬೆಲೆಯೇ ಕೊನೆಯ ಬೆಲೆಯಲ್ಲ. ತೆರಿಗೆ ಊರಿಗೊಂದು ದರ. ಕೂತು ಉಂಡರೆ ಟಿಪ್ ಶೇ. 18-20. ಮೆನುವಿನ 100 ಡಾಲರ್‌ಗೆ 130 ತೆಗೆದಿಡಿ. ದೊಡ್ಡ ಗುಂಪಾದರೆ ಬಿಲ್ಲಿನಲ್ಲೇ ಟಿಪ್ ಸೇರಿರಬಹುದು, ನೋಡಿಕೊಂಡು ಕೊಡಿ. ಮಧ್ಯಾಹ್ನದ ಮೆನು ಸಾಮಾನ್ಯವಾಗಿ ಅಗ್ಗ. ದೊಡ್ಡ ಊಟ ಆಗಲೇ ಮುಗಿಸಿ.

ಸುತ್ತಾಟ ಸೇರಿ ಓಟ ಸುಮಾರು 1,400 ಕಿ.ಮೀ. ಲೀಟರಿಗೆ 12 ಕಿ.ಮೀ. ಕೊಡುವ ಕಾರಿಗೆ 117 ಲೀಟರ್, ಅಂದರೆ 31 ಗ್ಯಾಲನ್ ಪೆಟ್ರೋಲ್ ಬೇಕು.

ಕೊನೆಗೆ

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ಏಪ್ರಿಲ್-ಮೇ ಒಳ್ಳೆಯದು. ಸಣ್ಣ ಹೋಟೆಲ್‌ಗಳಿಗೆ ವಾರದ ರಜೆ ಇರುತ್ತದೆ, ಫೋನ್ ಮಾಡಿಯೇ ಹೊರಡಿ. ಕಾರು ನೀವೇ ಓಡಿಸುವುದಾದರೆ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ ಕೂಡ ಇಟ್ಟುಕೊಳ್ಳಿ.