ಎರಡು ಎಂಜಿನ್, ಒಂದೇ ದೋಷ: ಮಿಡ್‌ವೇ ಘಟನೆಯ ಕುರಿತು ಒಂದು ಟಿಪ್ಪಣಿ

ವಿಮಾನದ ಎಂಜಿನ್ ನಿಂತುಹೋಗುವುದು ಬೇರೆ, ಓಡುತ್ತಲೇ ಇದ್ದು ಮಾತು ಕೇಳದಿರುವುದು ಬೇರೆ. ಮೊದಲನೆಯದನ್ನು ಎದುರಿಸಲು ಪೈಲಟ್‌ಗಳು ತರಬೇತಿಯ ಆರಂಭದಿಂದಲೇ ಪಳಗಿರುತ್ತಾರೆ. ಎರಡನೆಯದರಲ್ಲಿ ಶಕ್ತಿ ಇದೆ, ಅದರ ಮೇಲಿನ ಹತೋಟಿ ಇಲ್ಲ. ಅಂಥ ಹೊತ್ತಿನಲ್ಲಿ ಪೈಲಟ್ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

2008ರ ಜೂನ್ 5ರಂದು ಎಕ್ಲಿಪ್ಸ್ 500 ಎಂಬ ಪುಟ್ಟ ಜೆಟ್ ಶಿಕಾಗೊದ ಮಿಡ್‌ವೇ ನಿಲ್ದಾಣದಲ್ಲಿ ಇಳಿಯುತ್ತಿತ್ತು. ಒಳಗೆ ಇಬ್ಬರು ಪೈಲಟ್‌ಗಳು, ಇಬ್ಬರು ಪ್ರಯಾಣಿಕರು. ವಿಮಾನ ಅದುವರೆಗೆ ಹಾರಿದ್ದು 238 ಗಂಟೆ ಮಾತ್ರ. ರನ್‌ವೇ ಸಮೀಪಿಸಿದಾಗ ಗಾಳಿ ಏಕಾಏಕಿ ಬದಲಾಗಿ ವಿಮಾನ ಕುಸಿಯತೊಡಗಿತು. ಪೈಲಟ್ ಥ್ರಾಟಲ್‌ಗಳನ್ನು, ಅಂದರೆ ಎಂಜಿನ್ ಶಕ್ತಿಯನ್ನು ಹೆಚ್ಚು-ಕಡಿಮೆ ಮಾಡುವ ಸನ್ನೆಗೋಲುಗಳನ್ನು, ಮುಂದಕ್ಕೆ ನೂಕಿದರು. ಕುಸಿತವೇನೋ ನಿಂತಿತು. ಆದರೆ ಆಮೇಲೆ ಥ್ರಾಟಲ್‌ಗಳನ್ನು ಪೂರ್ತಿ ಹಿಂದಕ್ಕೆ ಎಳೆದರೂ ಎರಡೂ ಎಂಜಿನ್‌ಗಳು ಗರಿಷ್ಠ ಶಕ್ತಿಯಲ್ಲೇ ಓಡುತ್ತಿದ್ದವು. ಅವರು ಮತ್ತೆ ಮೇಲಕ್ಕೇರಿ, ತುರ್ತು ಕೈಪಿಡಿ ತೆರೆದು, ಒಂದು ಎಂಜಿನ್ ಆರಿಸಿದರು. ಆರಿಸಿದ ಬಳಿಕ ಇನ್ನೊಂದು ಎಂಜಿನ್ ಐಡಲ್ (ಕನಿಷ್ಠ ಶಕ್ತಿಯ) ಮಟ್ಟಕ್ಕಿಳಿದು ಅಲ್ಲೇ ಉಳಿಯಿತು; ಥ್ರಾಟಲ್‌ಗೆ ಸ್ಪಂದಿಸಲಿಲ್ಲ. ತುರ್ತು ಪರಿಸ್ಥಿತಿ ಘೋಷಿಸಿ ಇಳಿದಾಗ ಟಯರ್‌ಗಳು ಸಿಡಿದವು. ಯಾರಿಗೂ ಗಾಯವಾಗಲಿಲ್ಲ.

ಈ ವಿಮಾನದ ಥ್ರಾಟಲ್‌ಗೂ ಎಂಜಿನ್ನಿಗೂ ನಡುವೆ ಎಳೆಯುವ ಕೇಬಲ್ ಇಲ್ಲ, ಕಂಪ್ಯೂಟರ್ ಇದೆ. ಸನ್ನೆಗೋಲು ಎಲ್ಲಿದೆ ಎಂಬ ವಿದ್ಯುತ್ ಸಂಕೇತವನ್ನು ಓದಿ, ಎಷ್ಟು ಇಂಧನ ಬೇಕೆಂದು ಅದು ನಿರ್ಧರಿಸುತ್ತದೆ. ಸನ್ನೆಗೋಲನ್ನು ಕೊನೆಯ ತಡೆಗೆ ಒತ್ತಿ ಹಿಡಿದಾಗ ಸಂಕೇತ ನಿಗದಿತ ಮಿತಿ ಮೀರಿತು. ಕಂಪ್ಯೂಟರ್ ಅದನ್ನು ನಂಬಲಾಗದ ಸಂಕೇತವೆಂದು ತಳ್ಳಿಹಾಕಿ, ಕೊನೆಗೆ ತಿಳಿದಿದ್ದ ಶಕ್ತಿಯನ್ನೇ ಕಾಯ್ದುಕೊಂಡಿತು. ತಪ್ಪು ಸಂಕೇತಕ್ಕೆ ಕುಣಿಯಬಾರದೆಂಬ ಈ ತರ್ಕ ಒಂದು ಎಂಜಿನ್ನಿನ ಮಟ್ಟಿಗೆ ಒಪ್ಪುವಂಥದ್ದು. ಆದರೆ ಎರಡೂ ಸನ್ನೆಗೋಲುಗಳನ್ನು ನೂಕಿದ್ದು ಒಂದೇ ಕೈ, ಒಂದೇ ಕ್ಷಣ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಒಂದೇ ವಾರದಲ್ಲಿ ಎರಡು ತುರ್ತು ಶಿಫಾರಸು ಮಾಡಿತು. ಮೊದಲನೆಯದು, ಎಲ್ಲ ಎಕ್ಲಿಪ್ಸ್ 500 ವಿಮಾನಗಳ ಥ್ರಾಟಲ್‌ಗಳನ್ನು ತಡೆಯವರೆಗೆ ನೂಕಿ ಪರೀಕ್ಷಿಸಬೇಕು. ಎರಡನೆಯದು, ಎರಡೂ ಎಂಜಿನ್‌ಗಳ ಹತೋಟಿ ಒಟ್ಟಿಗೆ ತಪ್ಪಿದಾಗ ಅನುಸರಿಸಬೇಕಾದ ಕ್ರಮವನ್ನು ರೂಪಿಸಬೇಕು. ಎರಡನೆಯ ಶಿಫಾರಸು ಹೆಚ್ಚು ಗಮನಾರ್ಹ. ಅಂಥದೊಂದು ಕ್ರಮ ಕೈಪಿಡಿಯಲ್ಲಿ ಅದುವರೆಗೆ ಇರಲೇ ಇಲ್ಲ ಎಂಬುದನ್ನು ಅದು ತೋರಿಸಿಕೊಡುತ್ತದೆ.

ಸೆಸ್ನಾ 172ರಂಥ ಹಳೆಯ ಮಾದರಿಯ ಪಿಸ್ಟನ್ ವಿಮಾನವನ್ನು ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿ ಥ್ರಾಟಲ್, ಇಂಧನ-ಗಾಳಿಯ ಮಿಶ್ರಣ, ಇಗ್ನಿಷನ್ ಈ ಮೂರಕ್ಕೂ ಬೇರೆಬೇರೆ ದಾರಿ. ಥ್ರಾಟಲ್ ಕೇಬಲ್ ತುಂಡಾಗಿ ಎಂಜಿನ್ ಹೆಚ್ಚಿನ ಶಕ್ತಿಯಲ್ಲಿ ಸಿಕ್ಕಿಕೊಂಡರೆ, ಪೈಲಟ್ ಎತ್ತರ ಕಾಯ್ದುಕೊಂಡು ನಿಲ್ದಾಣದ ನೆತ್ತಿಗೆ ಬಂದು, ರನ್‌ವೇ ಖಚಿತವಾಗಿ ಕೈಗೆಟಕುವಾಗ ಮಿಶ್ರಣದ ಗುಂಡಿ ಎಳೆದು ಎಂಜಿನ್ ಆರಿಸಿ, ತೇಲುತ್ತ ಇಳಿಯಬಹುದು. ಹೀಗೆ ಹತೋಟಿಯ ದೋಷವನ್ನು, ಅಭ್ಯಾಸವಿರುವ ಎಂಜಿನ್ ದೋಷವಾಗಿ ಪರಿವರ್ತಿಸಿಕೊಂಡಂತಾಗುತ್ತದೆ. ಕೇಬಲ್ ತುಂಡಾದ ಕೂಡಲೇ ಗಾಬರಿಯಲ್ಲಿ ಆರಿಸಿದರೆ ಆ ಲಾಭವೂ ಕೈತಪ್ಪುತ್ತದೆ.

ಎರಡು ಎಂಜಿನ್‌ಗಳಿಗೆ ಒಂದೇ ಕಾರಣ ತಟ್ಟಿದ ಇನ್ನೊಂದು ಉದಾಹರಣೆ 2007ರ ಮಾರ್ಚ್‌ನಲ್ಲಿ ಜರ್ಮನಿಯ ಸ್ಪೇಯರ್‌ನಲ್ಲಿ ನಡೆದದ್ದು. ಡಯಮಂಡ್ ಡಿಎ42 ವಿಮಾನದ ಬ್ಯಾಟರಿ ಬರಿದಾಗಿದ್ದರಿಂದ ಹೊರಗಿನ ವಿದ್ಯುತ್ತಿನಿಂದ ಎಂಜಿನ್‌ಗಳನ್ನು ಚಾಲೂ ಮಾಡಲಾಗಿತ್ತು. ಟೇಕಾಫ್ ಆಗಿ ಚಕ್ರಗಳನ್ನು ಒಳಗೆಳೆದುಕೊಳ್ಳುವಾಗ ವೋಲ್ಟೇಜ್ ಕ್ಷಣಕಾಲ ಕುಸಿಯಿತು. ಎಂಜಿನ್ ಕಂಪ್ಯೂಟರ್‌ಗಳು ರೀಸೆಟ್ ಆಗಿ ಎರಡೂ ಎಂಜಿನ್ ನಿಂತವು. ಅಲ್ಲಿ ಹಂಚಿಕೊಂಡಿದ್ದ ಎಳೆ ವಿದ್ಯುತ್; ಮಿಡ್‌ವೇಯಲ್ಲಿ, ಥ್ರಾಟಲ್ ವಿನ್ಯಾಸ.

ಕಂಪ್ಯೂಟರ್ ಹತೋಟಿಯೇ ಅಪಾಯಕಾರಿ ಎಂದು ಎರಡು ಘಟನೆಗಳಿಂದ ತೀರ್ಮಾನಿಸಲಾಗದು. ದಿನನಿತ್ಯದ ಹಾರಾಟದಲ್ಲಿ ಅದು ಪೈಲಟ್‌ನ ಹೊರೆ ಇಳಿಸುತ್ತದೆ. ಇವುಗಳಿಂದ ಸಿಗುವ ತೀರ್ಮಾನ ಇಷ್ಟೇ: ಎಂಜಿನ್ ಎರಡಿವೆ ಎಂಬ ಮಾತ್ರಕ್ಕೆ ರಕ್ಷಣೆ ಇಮ್ಮಡಿಯಾಗುವುದಿಲ್ಲ. ಅವೆರಡೂ ಯಾವ ಸಂಕೇತವನ್ನು, ಯಾವ ವಿದ್ಯುತ್ತನ್ನು, ಯಾವ ಲೆಕ್ಕಾಚಾರವನ್ನು ಹಂಚಿಕೊಂಡಿವೆ ಎಂದು ಮೊದಲು ಕೇಳಬೇಕು. ಹಂಚಿಕೊಂಡ ಪ್ರತಿಯೊಂದಕ್ಕೂ, ಅದು ಕೈಕೊಟ್ಟಾಗ ಮಾಡಬೇಕಾದ್ದೇನೆಂದು ತಿಳಿಸುವ ಒಂದು ಪುಟ ಕೈಪಿಡಿಯಲ್ಲಿ ಇರಬೇಕು.